ಬಳ್ಳಾರಿಯ ಬಂಡೆಗಳೂ ನನ್ನ ಛಾಯಾಗ್ರಹಣವೂ

ಬಳ್ಳಾರಿಯ ಸೀಮೆಯಲ್ಲಿ ನಿಸರ್ಗದ ಛಾಯಾಚಿತ್ರಗಳನ್ನು ತೆಗೆಯಲು ಹೊರಟಿರುವೆನೆಂದು ಹೇಳಿದಾಗ ಮಲೆನಾಡಿನ ಮಿತ್ರರೊಬ್ಬರು, "ಮೇಷ್ಟ್ರೇ, ಅಲ್ಲಿ ಏನಿದೆ? ಬಂಡೆ, ಬಿಸಿಲು, ಮತ್ತೆ ಬಂಡೆ!" ಎಂದು ನಕ್ಕರು. ಹಸುರಲ್ಲದುದು ಅವರ ಪಾಲಿಗೆ ನಿಸರ್ಗವೇ ಅಲ್ಲ. ಆದರೆ ವರ್ಷ ವರ್ಷವೂ ಶಾಲೆಯ ಹುಡುಗರನ್ನು ಸಾಲಾಗಿ ನಿಲ್ಲಿಸಿ ಚಿತ್ರ ತೆಗೆಯಿಸಿ ಬೇಸತ್ತ ನಾನು ಬಂಡೆಗಳ ಸದ್ಗುಣವನ್ನು ಬಲ್ಲೆನು. ಅವು ಕಣ್ಣು ಮಿಟುಕಿಸುವುದಿಲ್ಲ, ಪಕ್ಕದವನನ್ನು ಚಿವುಟುವುದಿಲ್ಲ, ನಿಲ್ಲಿಸಿದಲ್ಲಿಯೇ ನಿಲ್ಲುತ್ತವೆ. ಹೀಗೆಂದು ಅಂದು ನಾನು ನಂಬಿದ್ದೆನು.

ಕಳೆದ ಕಾರ್ತಿಕಮಾಸದಲ್ಲಿ, ಮಗಳು ಕೊಡಿಸಿದ ಹೊಸ ಕ್ಯಾಮರಾವನ್ನು ಹೆಗಲಿಗೇರಿಸಿ ನಮ್ಮ ಮನೆಯಾಕೆಯೊಡನೆ ಹೊರಟೆನು. ಆಕೆಯ ಕೈಚೀಲದಲ್ಲಿ ಬುತ್ತಿಯೂ ಒಂದು ಹಳೆಯ ಕಪ್ಪು ಬಿಳುಪು ಚಿತ್ರವೂ ಇದ್ದುವು. ಆ ಚಿತ್ರದ ವೃತ್ತಾಂತವನ್ನು ಮುಂದೆ ಅರಿಕೆ ಮಾಡುವೆನು.

ಮೊದಲ ದಿನ ಅರುಣೋದಯಕ್ಕೆ ಬಳ್ಳಾರಿ ನಗರದಲ್ಲಿದ್ದೆವು. ಬಳ್ಳಾರಿ ಗುಡ್ಡದ ನೆತ್ತಿಯಲ್ಲಿ ಪಾಳೆಯಗಾರ ಹನುಮಪ್ಪನಾಯಕನ ಮೇಲುಕೋಟೆ; ಬುಡದಲ್ಲಿ ಹೈದರಾಲಿಯ ಕಾಲದ ಕೆಳಕೋಟೆ. ಕೋಟೆಯ ಕೆಲಸವೆಲ್ಲ ಮುಗಿದ ಮೇಲೆ ಸಮೀಪದ ಕುಂಬಾರ ಗುಡ್ಡವೇ ಹೆಚ್ಚು ಎತ್ತರವೆಂದು ತಿಳಿದುಬರಲು, ಹೈದರನು ಅದನ್ನು ಕಟ್ಟಿದ ಫ್ರೆಂಚ್ ಇಂಜಿನಿಯರನನ್ನು ಗಲ್ಲಿಗೇರಿಸಿದನೆಂಬ ಪ್ರತೀತಿಯುಂಟು. ನಿಲ್ಲುವ ಜಾಗವನ್ನು ಮೊದಲು ನೋಡಿಕೊಳ್ಳದ ಛಾಯಾಗ್ರಾಹಕನಿಗೆ ಅಷ್ಟು ಕಠಿಣವಾದ ಶಿಕ್ಷೆಯಿಲ್ಲದಿರುವುದು ನನ್ನ ಭಾಗ್ಯ.

ಈ ಕುಂಬಾರ ಗುಡ್ಡವು ಒಂದು ದಿಕ್ಕಿನಿಂದ ಮನುಷ್ಯನ ಮುಖದಂತೆ ತೋರುವುದರಿಂದ ಇಂಗ್ಲಿಷರು ಇದನ್ನು ಮುಖದ ಗುಡ್ಡವೆಂದೇ ಕರೆದರು. ಕಲ್ಲಿನ ಚಿತ್ರಕ್ಕೆ ಬೇಕಾದುದು ಓರೆ ಬಿಸಿಲು. ಬೆಳಕು ಪಕ್ಕದಿಂದ ಬಿದ್ದಾಗ ಉಬ್ಬುತಗ್ಗುಗಳಿಗೆ ನೆರಳು ಹುಟ್ಟಿ ಮೂಗು, ಹಣೆ, ಗಲ್ಲಗಳು ಮೂಡುತ್ತವೆ. ಬಿಸಿಲು ನೆತ್ತಿಗೇರಿತೆಂದರೆ ಎಲ್ಲವೂ ಸುಣ್ಣ ಬಳಿದ ಗೋಡೆ. ಇದನ್ನು ಅರಿತೂ ನಾನು ಕನ್ನಡಕ ಹಾಕಿಕೊಂಡು ಕ್ಯಾಮರಾದ ಕೈಪಿಡಿಯ ಏಳನೆಯ ಪುಟವನ್ನು ಓದಿ ತಲೆಯೆತ್ತುವಷ್ಟರಲ್ಲಿ, ಮುಖವು ಹೋಗಿ ಗುಡ್ಡ ಮಾತ್ರ ಉಳಿದಿತ್ತು. ಮನೆಯಾಕೆಯು ಅಷ್ಟರೊಳಗೆ ತನ್ನ ಮೊಬೈಲಿನಲ್ಲಿ ಮೂರು ಚಿತ್ರಗಳನ್ನು ತೆಗೆದು ಮಗಳಿಗೆ ಕಳುಹಿಸಿಯೂ ಆಗಿತ್ತು.

ಅಲ್ಲಿಂದ ಬಸ್ಸಿನಲ್ಲಿ ಕುರುಗೋಡಿಗೆ ಬಂದೆವು. ಸಿಂದರು ಆಳಿದ ಈ ಊರಿನ ಸುತ್ತಲೂ ಗುಂಡುಗಲ್ಲುಗಳ ರಾಶಿ. ಸುಮಾರು 250 ಕೋಟಿ ವರ್ಷಗಳ ಹಿಂದಿನ ಬೆಣಚುಕಲ್ಲು ತನ್ನ ಬಿರುಕುಗಳ ಗುಂಟ ಮಳೆಗೆ ಬಿಸಿಲಿಗೆ ಸವೆಯುತ್ತ, ಮೂಲೆಗಳನ್ನು ಕಳೆದುಕೊಂಡು, ಯಾರೋ ತಂದು ಪೇರಿಸಿದಂತೆ ಕಾಣುತ್ತದೆ. ದೊಡ್ಡ ಬಸವೇಶ್ವರನ ಗುಡಿಯಲ್ಲಿ ಸುಮಾರು 12 ಅಡಿ ಎತ್ತರದ ಏಕಶಿಲೆಯ ನಂದಿಯೇ ಪ್ರಧಾನ ದೈವ. ಗರ್ಭಗುಡಿಯ ಕತ್ತಲೆಯಲ್ಲಿ ಚಿತ್ರದ ಗೋಜಿಗೆ ಹೋಗದೆ ಕೈಮುಗಿದು ಹೊರಬಂದೆವು.

ಈಗ ಆ ಹಳೆಯ ಚಿತ್ರದ ಮಾತು. 1988ರಲ್ಲಿ, ವಿವಾಹವಾದ ಹೊಸತರಲ್ಲಿ, ಸೋದರಮಾವನವರಿಂದ ಅಗ್ಫಾ ಕ್ಲಿಕ್ ತ್ರೀ ಎಂಬ ಕ್ಯಾಮರಾವನ್ನು ಎರವಲು ತಂದು ಇಲ್ಲಿಗೆ ಬಂದಿದ್ದೆನು. ಅದರಲ್ಲಿ ಒಂದು ಸುರುಳಿಗೆ 12 ಚಿತ್ರಗಳು. ಬೆಳಕನ್ನು ಹೊಂದಿಸಲು ಸೂರ್ಯನ ಗುರುತು, ಮೋಡದ ಗುರುತು. ಬಳ್ಳಾರಿಯಲ್ಲಿ ಮೋಡದ ಗುರುತಿಗೆ ಉದ್ಯೋಗವೇ ಇರಲಿಲ್ಲ! ಊರ ಹೊರಗೆ ಒಂದರ ಮೇಲೊಂದು ನಿಂತಿದ್ದ ಎರಡು ಭಾರಿ ಗುಂಡುಗಳ ಎತ್ತರವು ತಿಳಿಯಲೆಂದು ಬುಡದಲ್ಲಿ ಈಕೆಯನ್ನು ನಿಲ್ಲಿಸಿ ತೆಗೆದೆನು. ಹನ್ನೆರಡರಲ್ಲಿ ನೆಟ್ಟಗೆ ಬಂದುದು ಅದೊಂದೇ. "ನನ್ನನ್ನ ಕಲ್ಲಿನ ಅಳತಿಗೋಲು ಮಾಡಿದ್ರಿ" ಎಂಬ ಆಕ್ಷೇಪಣೆಯನ್ನು ಅಂದಿನಿಂದಲೂ ಕೇಳುತ್ತಿರುವೆನು.

ಅದೇ ಸ್ಥಳದಲ್ಲಿ ನಿಂತು ಮತ್ತೆ ಚಿತ್ರ ತೆಗೆಯಬೇಕೆಂಬುದು ನಮ್ಮ ಆಸೆ. ಇದು ಹೊಸ ಹುಚ್ಚೇನೂ ಅಲ್ಲ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿಯು ಹಂಪೆಯ ಅವಶೇಷಗಳನ್ನು ಕಾಗದದ ನೆಗೆಟಿವ್‌ಗಳಲ್ಲಿ ಹಿಡಿದಿದ್ದನು. 1980ರ ದಶಕದಲ್ಲಿ ಆಸ್ಟ್ರೇಲಿಯದ ಜಾನ್ ಗೋಲಿಂಗ್ಸ್ ಅವರು ಅವನು ನಿಂತಲ್ಲಿಯೇ ನಿಂತು ಮತ್ತೆ ಚಿತ್ರಿಸಿದರು. ಎರಡನ್ನೂ ಒಟ್ಟಿಗಿಟ್ಟು ನೋಡಿದರೆ ಏನು ಉಳಿಯಿತು, ಏನು ಹೋಯಿತು ಎಂಬುದು ಕಣ್ಣಿಗೆ ಕಟ್ಟುವುದು.

ನಮ್ಮ ಚಿತ್ರದ ಹಿಂಬದಿಯಲ್ಲಿ ನಾನು ಸ್ಥಳವನ್ನು ಬರೆದಿಡದ ಕಾರಣ ಎರಡು ಗಂಟೆ ಅಲೆದೆವು. ಕಡೆಗೆ ಕುರಿ ಮೇಯಿಸುತ್ತಿದ್ದ ಹಿರಿಯನೊಬ್ಬನಿಗೆ ತೋರಿಸಿದೆವು. ಅವನು ಚಿತ್ರವನ್ನು ದೂರ ಹಿಡಿದು ನೋಡಿ, "ಈ ಗುಂಡೇನ್ರೀ? ಅದು ಹೋಗಿ ಭಾಳ ವರ್ಷ ಆತು. ಜಲ್ಲಿ ಆಗಿ ರಸ್ತಿಗೆ ಬಿದ್ದೈತಿ. ನೀವು ಬಂದಿದ್ದು ಅದರ ಮ್ಯಾಲೇ ಇರಬೇಕು" ಎಂದನು.

ಅವನು ತೋರಿಸಿದೆಡೆಯಲ್ಲಿ ಒಂದು ಹೊಂಡ; ಅದರಲ್ಲಿ ಮಳೆಯ ನೀರು; ಅಂಚಿನಲ್ಲಿ ಒಂದು ಬೆಳ್ಳಕ್ಕಿ. ಮನೆಯಾಕೆಯು ಏನೂ ಹೇಳದೆ ಹೋಗಿ ಹಿಂದಿನಂತೆಯೇ ನಿಂತಳು. ನಾನು ಚಿತ್ರ ತೆಗೆದೆನು. "ಕಲ್ಲು ಹೋತು, ಅಳತಿಗೋಲು ಉಳೀತು ನೋಡ್ರಿ" ಎಂದು ಆಮೇಲೆ ನಕ್ಕಳಾದರೂ, ಆ ಹಳೆಯ ಚಿತ್ರವನ್ನು ಸೆರಗಿನಿಂದ ಒರೆಸಿ ಒಳಗಿಡುವಾಗ ನನ್ನ ಕಡೆ ನೋಡಲಿಲ್ಲ.

ರಸ್ತೆಗೆ ಜಲ್ಲಿ ಬೇಡವೆಂದು ನಾನು ಹೇಳಲಾರೆ. ಬಸ್ಸಿನಲ್ಲಿ ಸುಖವಾಗಿ ಬಂದವನು ನಾನೂ ಹೌದು. ಆದರೆ ಬಳ್ಳಾರಿಯ ಹೊರವಲಯದ ಕಪ್ಪಗಲ್ಲಿನ ಗುಡ್ಡವನ್ನು ನೆನೆದರೆ ಎದೆ ನಡುಗುವುದು. ಅಲ್ಲಿ ನವಶಿಲಾಯುಗದ ಜನರು ಬಂಡೆಗಳ ಮೇಲೆ ನೀಳಕೊಂಬಿನ ಹೋರಿಗಳನ್ನು ಕುಟ್ಟಿ ಕೆತ್ತಿರುವರು. ಬಡಿದರೆ ಘಂಟೆಯಂತೆ ನುಡಿಯುವ ಕಲ್ಲುಗಳೂ ಅಲ್ಲುಂಟು. 1892ರಲ್ಲಿಯೇ ಇವುಗಳ ವರ್ಣನೆ ಅಚ್ಚಾಗಿತ್ತು. ಆ ಕಾಲದ ಛಾಯಾಚಿತ್ರಗಳಾದರೋ ಮಾಸಿದುವು, ಕೆಲವು ಕಳೆದೇ ಹೋದುವು. ಆ ಗುಡ್ಡಕ್ಕೆ ಕಲ್ಲುಗಣಿಯ ಅಪಾಯವಿದೆಯೆಂದು 2004ರಲ್ಲಿ ಸಂಶೋಧಕರು ಎಚ್ಚರಿಸಿದರು. ಚಿತ್ರವೂ ಅಳಿದು ಕಲ್ಲೂ ಅಳಿದರೆ ಮುಂದಿನ ಹುಡುಗರಿಗೆ ಯಾವ ಮೇಷ್ಟ್ರು ತಾನೆ ಏನನ್ನು ತೋರಿಸಿಯಾನು?

ಮರುದಿನ ಸಿರುಗುಪ್ಪ. ಇಲ್ಲಿ ನನ್ನ ಮಲೆನಾಡಿನ ಮಿತ್ರರು ಬಾಯಿ ಮುಚ್ಚಬೇಕು! ವಿಜಯನಗರದ ಕಾಲದ ಕಾಲುವೆಗಳೂ, 1953ರಲ್ಲಿ ಮುಗಿದ ಅಣೆಕಟ್ಟಿನ ಕಾಲುವೆಗಳೂ ತುಂಗಭದ್ರೆಯ ನೀರನ್ನು ತಂದು ಈ ಸೀಮೆಯನ್ನು ಭತ್ತದ ಕಣಜವನ್ನಾಗಿ ಮಾಡಿವೆ. ಸಂಜೆಯ ಓರೆ ಬಿಸಿಲಿನಲ್ಲಿ ಹೊಂಬಣ್ಣಕ್ಕೆ ತಿರುಗಿದ ಬಯಲು. ಆದರೆ ತೆನೆಗಳು ಬಂಡೆಗಳಲ್ಲ. ನಾನು ಗುಂಡಿಯೊತ್ತುವ ಕ್ಷಣಕ್ಕೆ ಸರಿಯಾಗಿ ಗಾಳಿ ಬೀಸುವುದು. ಹದಿನೇಳು ಚಿತ್ರಗಳಲ್ಲಿ ಹದಿನಾರು ಕಲಸಿದ ಚಿತ್ರಾನ್ನದಂತೆ ಬಂದುವು. ಹದಿನೇಳನೆಯದರಲ್ಲಿ ನನ್ನ ಹೆಬ್ಬೆರಳಿದೆ.

"ಏನ್ರೀ, ಸ್ವಲ್ಪ ಆ ಬದುವಿನ ಮ್ಯಾಲೆ ನಿಲ್ರಿ" ಎಂದು ಮನೆಯಾಕೆಯು ಮೊಬೈಲನ್ನು ಎತ್ತಿ ಹಿಡಿದಳು. "ಏಕೆ?" ಎಂದೆನು.

"ಅಳತಿಗೆ."

ನಿಂತೆನು. ಪೈರು ನನ್ನ ಸೊಂಟದವರೆಗೆ ಬಂದಿರುವ ಆ ಚಿತ್ರವನ್ನು ಆಕೆ ಬಳ್ಳಾರಿಯಲ್ಲಿ ಅಚ್ಚು ಹಾಕಿಸಿ, ಹಿಂಬದಿಯಲ್ಲಿ ಊರನ್ನೂ ತಾರೀಖನ್ನೂ ಸೀಸದ ಕಡ್ಡಿಯಿಂದ ಬರೆದು, 1988ರ ಚಿತ್ರದ ಮಗ್ಗುಲಿಗೆ ಪೆಟ್ಟಿಗೆಯಲ್ಲಿ ಇಟ್ಟಿರುವಳು.