ಹೊಟ್ಟೆಯಲ್ಲಿಟ್ಟ ತಲೆಚಿಪ್ಪು

ವಿದುರಾಶ್ವತ್ಥದ ನಾಗರಕಲ್ಲುಗಳ ಪಕ್ಕದಲ್ಲಿ ಕೂತಿದ್ದವರ ಬಲಗಿವಿಯ ಮೇಲ್ಭಾಗ ಅಂಗೈಯಗಲ ತಗ್ಗಿತ್ತು. ಬೈಕಿನಿಂದ ಬಿದ್ದಿದ್ದರಂತೆ. ನಾನು ನೋಡಿದ್ದನ್ನು ಗಮನಿಸಿ, ಹೊಟ್ಟೆ ಮುಟ್ಟಿಕೊಂಡು, "ಆ ಮೂಳೆ ಇಲ್ಲೈತೆ ಸ್ವಾಮಿ" ಅಂದರು. ಅಂದಿನಿಂದ ನನಗೆ ಅದೇ ಗುಂಗು.

ಬುರುಡೆ ಹಿಗ್ಗುವುದಿಲ್ಲ. ಒಳಗಿರುವುದು ಮೆದುಳು, ರಕ್ತ, ಒಂದಿಷ್ಟು ದ್ರವ. ಒಂದು ಉಬ್ಬಿದರೆ ಉಳಿದವು ಜಾಗ ಬಿಡಬೇಕು ಎಂಬ ವಿಚಾರಕ್ಕೆ 1783ರಲ್ಲೇ ಎಡಿನ್‌ಬರೋದ ಅಲೆಕ್ಸಾಂಡರ್ ಮನ್ರೋ ಬುನಾದಿ ಹಾಕಿದ್ದರು. ಬಿಡಲು ಜಾಗವೇ ಉಳಿಯದಿದ್ದಾಗ ಮೆದುಳು ಕೆಳಕ್ಕೆ ಜರುಗಿ ಉಸಿರಿನ ಕೇಂದ್ರವನ್ನು ಅದುಮುತ್ತದೆ. 1901ರಲ್ಲಿ ಸ್ವಿಟ್ಜರ್ಲೆಂಡಿನ ಥಿಯೋಡರ್ ಕೋಕರ್, ಹಾಗಾದರೆ ಮೂಳೆಯನ್ನೇ ತೆಗೆಯಬೇಕು ಎಂದರು. ಅವರ ಬಳಿ ಕೆಲಸ ಮಾಡಿದ ಹಾರ್ವೆ ಕುಶಿಂಗ್, ತಲೆಯೊಳಗೆ ಒತ್ತಡ ಏರಿದಂತೆ ಬಿ.ಪಿ. ಏರಿ ನಾಡಿ ನಿಧಾನವಾಗುವುದನ್ನು ಕಂಡುಕೊಂಡರು. ಸ್ಕ್ಯಾನ್ ಇಲ್ಲದ ಊರಿನಲ್ಲೂ ನರ್ಸಮ್ಮನೊಬ್ಬರು ಬಿ.ಪಿ. ಪಟ್ಟಿ ಕಟ್ಟಿ ಅಪಾಯ ಊಹಿಸಬಲ್ಲರು ಎಂಬುದು ಅದರಿಂದ ನಮಗೆ ದಕ್ಕಿದ ದೊಡ್ಡ ಆಸ್ತಿ.

ನಮ್ಮ ದೇಶದಲ್ಲಿ ನರಶಸ್ತ್ರಚಿಕಿತ್ಸೆ ಶುರುವಾದದ್ದು 1949ರಲ್ಲಿ, ವೆಲ್ಲೂರಿನಲ್ಲಿ, ಜೇಕಬ್ ಚಾಂಡಿಯವರಿಂದ. 1958ರಲ್ಲಿ ನರಶಸ್ತ್ರಚಿಕಿತ್ಸಕ ಆರ್.ಎಂ. ವರ್ಮಾ ಬೆಂಗಳೂರಿಗೆ ಬಂದರು. ಅವರು ದುಡಿದ ಸಂಸ್ಥೆಯೇ 1974ರಲ್ಲಿ ನಿಮ್ಹಾನ್ಸ್ ಆಯಿತು.

ತಲೆಯ ಮೂಳೆ ತೆಗೆಯುವುದರ ಬಗ್ಗೆ ಜಗಳ ಹತ್ತಿದ್ದು ಆಮೇಲೆ. 2011ರಲ್ಲಿ 155 ಗಾಯಾಳುಗಳ ಅಧ್ಯಯನವೊಂದು, ಬೇಗನೆ ಚಿಪ್ಪು ತೆಗೆದರೆ ಒತ್ತಡ ಇಳಿಯುತ್ತದೆ, ಆದರೆ ಬದುಕು ಸುಧಾರಿಸುವುದಿಲ್ಲ ಎಂದಿತು. 2016ರಲ್ಲಿ 408 ಮಂದಿಯ ಮತ್ತೊಂದು ಅಧ್ಯಯನ ಬಂತು. ಬೇರೆ ಚಿಕಿತ್ಸೆಗಳೆಲ್ಲ ಸೋತ ಮೇಲೆ ಮಾತ್ರ ಮೂಳೆ ತೆಗೆದಾಗ, ಆರು ತಿಂಗಳೊಳಗಿನ ಸಾವು ಶೇ 48.9ರಿಂದ 26.9ಕ್ಕೆ ಇಳಿಯಿತು. ಆದರೆ ಬದುಕುಳಿದವರಲ್ಲಿ ಎಚ್ಚರವಿಲ್ಲದೆ, ಪರರ ಆಸರೆಯಲ್ಲೇ ಬದುಕುವವರೂ ಹೆಚ್ಚಿದರು. ಐಸಿಯು ಬಾಗಿಲಲ್ಲಿ ಸಹಿ ಹಾಕುವ ಅಣ್ಣತಮ್ಮಂದಿರಿಗೆ ಈ ಎರಡನೇ ಮಾತನ್ನು ಬಿಡಿಸಿ ಹೇಳುವ ವ್ಯವಧಾನ ಎಷ್ಟು ಜನರಿಗಿದೆ? ಅದು ನನ್ನನ್ನು ಕೊರೆಯುತ್ತದೆ.

ತೆಗೆದ ಚಿಪ್ಪನ್ನು ಕಾಪಿಡಲು ಶೈತ್ಯಾಗಾರ ಬೇಕು. ಅದಿಲ್ಲದ ಕಡೆ ಹೊಟ್ಟೆಯ ಚರ್ಮದಡಿ ಜೇಬು ಮಾಡಿ ಇಡುತ್ತಾರೆ. ಕರೆಂಟು ಹೋದರೂ ಕೆಡದು, ಇನ್ನೊಬ್ಬರದರ ಜೊತೆ ಅದಲುಬದಲಾಗದು, ರೋಗಿ ಹೋದಲ್ಲಿಗೆ ಅದೂ ಹೋಗುತ್ತದೆ. ಊತ ಇಳಿದು ಕೆಲವು ತಿಂಗಳಾದ ಮೇಲೆ ಮತ್ತೆ ಸ್ವಸ್ಥಾನಕ್ಕೆ.

ವಿದುರಾಶ್ವತ್ಥದ ಹಳೆಯ ಅಶ್ವತ್ಥ ಮರ 2001ರಲ್ಲೇ ಉರುಳಿತು. ಆ ನೆರಳು ಈಗಿಲ್ಲ. ಅಂದು ಬಿಸಿಲು ಏರುತ್ತಿದ್ದಂತೆ, ಬೈಕಿನಿಂದ ಬಿದ್ದಿದ್ದ ಅವರ ಹೆಂಡತಿ ಬಂದು, ಗಂಡನ ತಲೆಯ ತಗ್ಗಿನ ಮೇಲೆ ಟವೆಲ್ಲನ್ನು ಸಡಿಲವಾಗಿ ಸುತ್ತಿ, ಗೌರಿಬಿದನೂರಿನ ಬಸ್ಸಿಗೆ ಎಬ್ಬಿಸಿದರು. ಮುಂದಿನ ತಿಂಗಳು ಬೆಂಗಳೂರಿಗೆ ಹೋಗಬೇಕು, ಮೂಳೆ ಕೂರಿಸಿಕೊಳ್ಳಲು.