ಸ್ವಭಾವ ಬೇರೆಯಾದರೂ ಸಂಸಾರ ಒಂದೇ

ಬೆಂಗಳೂರು ನಗರವು ಪಶ್ಚಿಮಕ್ಕೆ ಬೆಳೆಯುತ್ತ ಕೆಂಗೇರಿಯನ್ನೂ ದಾಟಿದೆ. ಸೂಲಿಕೆರೆ, ಕೊಮ್ಮಘಟ್ಟ, ಭೀಮನಕುಪ್ಪೆ ಮೊದಲಾದ ಗ್ರಾಮಗಳ ಎಷ್ಟೋ ಜಮೀನು ನಾಡಪ್ರಭು ಕೆಂಪೇಗೌಡ ಬಡಾವಣೆಗೆ ಸೇರಿದೆ. ಹೊಲ ಕೈಬಿಟ್ಟಾಗ ದಂಪತಿಗಳ ಮುಂದೆ ಹಲವು ಚಿಂತೆಗಳು ಒಮ್ಮೆಗೇ ಬಂದು ನಿಲ್ಲುತ್ತವೆ. ಪರಿಹಾರದ ಹಣವನ್ನು ಹೇಗೆ ವಿನಿಯೋಗಿಸಬೇಕು? ಬೇಸಾಯ ಬಿಟ್ಟು ಯಾವ ಕಸುಬು ಹಿಡಿಯಬೇಕು?

ಕಷ್ಟ ಒಂದೇ ಆದರೂ ಅದನ್ನು ಎದುರಿಸುವ ರೀತಿ ಎಲ್ಲರಲ್ಲೂ ಒಂದೇ ಅಲ್ಲ. ಆತುರ ಸ್ವಭಾವದವರು ಕೂಡಲೇ ಏನಾದರೊಂದು ಮಾಡಲು ಹೊರಡುತ್ತಾರೆ. ಅಂಜುವ ಸ್ವಭಾವದವರು ನಿರ್ಧಾರವನ್ನು ಮುಂದೂಡುತ್ತಾರೆ. ಕೆಲವರಿಗೆ ನಾಲ್ಕು ಜನರೊಡನೆ ಹೇಳಿಕೊಂಡರೆ ಮನಸ್ಸು ಹಗುರಾಗುತ್ತದೆ. ಕೆಲವರು ಮಾತನ್ನೇ ಬಿಡುತ್ತಾರೆ. ಇಂತಹ ಸ್ವಭಾವವು ಭಾಗಶಃ ಹುಟ್ಟಿನಿಂದಲೂ ಭಾಗಶಃ ಬೆಳೆದ ಪರಿಸರದಿಂದಲೂ ಬರುತ್ತದೆ.

ಅಪಾರ್ಥ ಹುಟ್ಟುವುದೂ ಇಲ್ಲಿಯೇ. ಪತಿ ಮೌನವಾಗಿದ್ದರೆ ಮನೆಯ ಚಿಂತೆಯೇ ಇಲ್ಲವೆಂದು ಪತ್ನಿ ನೊಂದುಕೊಳ್ಳುತ್ತಾಳೆ. ಆಕೆ ಅದೇ ಮಾತನ್ನು ಮತ್ತೆ ಮತ್ತೆ ಎತ್ತಿದರೆ ಪೀಡಿಸುತ್ತಿದ್ದಾಳೆಂದು ಪತಿ ಸಿಡುಕುತ್ತಾನೆ. ವಾಸ್ತವವಾಗಿ ಇಬ್ಬರೂ ಹೊತ್ತಿರುವುದು ಒಂದೇ ಭಾರವನ್ನು.

ಅಮೆರಿಕದ ಮನಃಶಾಸ್ತ್ರಜ್ಞರಾದ ರಿಚರ್ಡ್ ಲಾಜರಸ್ ಮತ್ತು ಸೂಸನ್ ಫೋಕ್‌ಮನ್ 1984ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಎರಡು ಮಾರ್ಗಗಳನ್ನು ವಿವರಿಸಿದ್ದಾರೆ. ಕಷ್ಟದ ಕಾರಣವನ್ನೇ ಸರಿಪಡಿಸಲು ಯತ್ನಿಸುವುದು ಒಂದು. ಕಲಕಿದ ಮನಸ್ಸನ್ನು ಸಮಾಧಾನಪಡಿಸಿಕೊಳ್ಳುವುದು ಇನ್ನೊಂದು. ಸಾಲದ ಬಡ್ಡಿ, ದಾಖಲೆಪತ್ರ, ಹೊಸ ಉದ್ಯೋಗ ಇವುಗಳಿಗೆ ಮೊದಲನೆಯದು ತಕ್ಕದ್ದು. ಮರಳಿ ಬಾರದ ಹೊಲದ ದುಃಖಕ್ಕೆ ಎರಡನೆಯದೇ ಬೇಕು. ಆತುರದವರು ಬದಲಾಗದುದರೊಡನೆ ಹೋರಾಡಿ ದಣಿಯಬಹುದು. ಅಂಜುವವರು ಬದಲಿಸಬಹುದಾದುದನ್ನೂ ಬಿಟ್ಟುಬಿಡಬಹುದು. ಆದುದರಿಂದ ಭಿನ್ನ ಸ್ವಭಾವದ ಸತಿಪತಿಗಳು ಪರಸ್ಪರ ಪೂರಕರಾಗಬಲ್ಲರು.

ರಾತ್ರಿ ಊಟವಾದ ಮೇಲೆ ಸ್ವಲ್ಪ ಹೊತ್ತು ಇಬ್ಬರೂ ಕುಳಿತು ಮಾತನಾಡಿರಿ. ಮೌನಿಗಳಿಗೆ ಯೋಚಿಸಲು ಒಂದು ದಿನದ ಅವಕಾಶ ಕೊಡಿರಿ. ಹೇಳಿಕೊಳ್ಳುವವರ ಮಾತನ್ನು ನಡುವೆ ತಡೆಯದೆ ಆಲಿಸಿರಿ. ಇಬ್ಬರೂ ಒಪ್ಪುವ ಮುನ್ನ ಯಾವ ಪತ್ರಕ್ಕೂ ಸಹಿ ಹಾಕಬೇಡಿರಿ. ಮದ್ಯಪಾನವು ಸಮಾಧಾನದ ಮಾರ್ಗವಲ್ಲ. ಅದು ನಿದ್ರೆಯನ್ನು ಕೆಡಿಸಿ ಚಿಂತೆಯನ್ನು ಹೆಚ್ಚಿಸುತ್ತದೆ.

ನಿದ್ರೆ, ಹಸಿವು, ಕೆಲಸದ ಆಸಕ್ತಿ 2 ವಾರಗಳ ಕಾಲ ಕುಂದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕಾಣಿರಿ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಬದುಕೇ ಬೇಡವೆಂಬ ಯೋಚನೆ ಸುಳಿದರಂತೂ ಒಂದು ದಿನವೂ ಕಾಯಬಾರದು.

ಸ್ವಭಾವವನ್ನು ಬದಲಿಸುವುದು ಸುಲಭವಲ್ಲ. ಕಷ್ಟವನ್ನು ಎದುರಿಸುವ ರೀತಿಯನ್ನು ಯಾವ ವಯಸ್ಸಿನಲ್ಲಾದರೂ ಕಲಿಯಬಹುದು.