ರಾತ್ರಿಶಾಲೆಯಿಂದ ಬ್ಯಾಂಕಿಗೆ: ಆ ಏಣಿ ಈಗೆಲ್ಲಿ?

ಠಾಕುರ್ಲಿ: ಡೊಂಬಿವಲಿ ಮತ್ತು ಕಲ್ಯಾಣ್ ನಡುವಿನ ಈ ಪುಟ್ಟ ನಿಲ್ದಾಣದಲ್ಲಿ ಬೆಳಗಾದರೆ ಕಂಪೆನಿಯ ಮ್ಯಾನೇಜರನೂ ಗುತ್ತಿಗೆಯ ಸೆಕ್ಯುರಿಟಿ ಗಾರ್ಡೂ ಒಂದೇ ಲೋಕಲ್ ಹತ್ತುತ್ತಾರೆ. ಒಬ್ಬನದು ಫಸ್ಟ್ ಕ್ಲಾಸ್ ಪಾಸು, ಇನ್ನೊಬ್ಬನದು ಸೆಕೆಂಡ್ ಕ್ಲಾಸ್. ಈ ಅಂತರ ಹಿಂದೆಯೂ ಇತ್ತು. ಆದರೆ ಅದನ್ನು ದಾಟುವ ದಾರಿಯೂ ಇತ್ತು.

ಊರಿನಿಂದ ಬರಿಗೈಯಲ್ಲಿ ಬಂದ ಹುಡುಗ ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಎಸ್ಸೆಸ್ಸಿ ಮುಗಿಸಿ ಬ್ಯಾಂಕು ಸೇರುತ್ತಿದ್ದ ಕಾಲವದು. 1969ರಲ್ಲಿ ರಾಷ್ಟ್ರೀಕರಣಗೊಂಡ 14 ಬ್ಯಾಂಕುಗಳಲ್ಲಿ ಕೆನರಾ ಮತ್ತು ಸಿಂಡಿಕೇಟ್ ನಮ್ಮ ಕರಾವಳಿಯವು. 1980ರಲ್ಲಿ ಕಾರ್ಪೊರೇಶನ್, ವಿಜಯಾ ಬ್ಯಾಂಕುಗಳೂ ಸೇರಿದವು. ಶಾಖೆಗಳು ಹೆಚ್ಚಿದಂತೆ ಕಾಯಂ ನೌಕರಿಗಳೂ ಹೆಚ್ಚಿದವು. ತಿಂಗಳ ಸಂಬಳ, ಪಿ.ಎಫ್., ಗೃಹಸಾಲದ ಬಲದಿಂದ ಎಷ್ಟೋ ಮಂದಿ ಈ ಉಪನಗರಗಳಲ್ಲಿ ವನ್ ರೂಮ್ ಕಿಚನ್ ಕೊಂಡು ಮಕ್ಕಳನ್ನು ಓದಿಸಿದರು.

ಅತ್ತ ಗಿರಣಿಗಳ ಕಥೆ ಬೇರೆಯಾಯಿತು. 1982ರ ಜನವರಿ 18ರಂದು ದತ್ತಾ ಸಾಮಂತ್ ನೇತೃತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಮುಷ್ಕರ ಹೂಡಿದರು. ಬಳಿಕ ಒಂದೊಂದೇ ಮಿಲ್ಲು ಮುಚ್ಚಿತು. ನೇಯ್ಗೆ ಭಿವಂಡಿಯ ಪವರ್‌ಲೂಮುಗಳಿಗೆ ಹೋಯಿತು, ಕಾಯಂ ನೌಕರಿ ಮಾತ್ರ ಜತೆಗೆ ಹೋಗಲಿಲ್ಲ. ಪರೇಲ್‌ನ ಮಿಲ್ಲು ಜಾಗಗಳಲ್ಲಿ ಮಾಲ್, ಟವರ್‌ಗಳು ಎದ್ದವು. ಜಾಗ ಇದ್ದವರ ಆಸ್ತಿ ಬೆಳೆಯಿತು. ದುಡಿಮೆಯನ್ನೇ ನಂಬಿದವರು ಹಿಂದುಳಿದರು. ಅಸಮಾನತೆ ಹೆಚ್ಚುವ ಬಗೆ ಇದು.

ವರ್ಲ್ಡ್ ಇನ್‌ಇಕ್ವಾಲಿಟಿ ಲ್ಯಾಬ್ 2024ರಲ್ಲಿ ಪ್ರಕಟಿಸಿದ ಅಂದಾಜಿನಂತೆ, 1982ರಲ್ಲಿ ದೇಶದ ಆದಾಯದ ಸುಮಾರು ಶೇ. 6 ಪಾಲು ಮೇಲ್ತುದಿಯ ಶೇ. 1 ಮಂದಿಗೆ ಸೇರುತ್ತಿತ್ತು. 2022-23ರಲ್ಲಿ ಅದು ಶೇ. 22.6ಕ್ಕೇರಿತು. ಕೆಳಗಿನ ಅರ್ಧದಷ್ಟು ಜನರಿಗೆಲ್ಲ ಸೇರಿ ಸಿಕ್ಕಿದ್ದು ಶೇ. 15 ಮಾತ್ರ. 1991ರ ಉದಾರೀಕರಣದ ನಂತರ ಬಡತನ ಇಳಿದದ್ದು ನಿಜ; ಬೆಳೆದ ಸಂಪತ್ತು ಸಮನಾಗಿ ಹಂಚಿಕೆಯಾಗಲಿಲ್ಲ ಎಂಬುದೂ ಅಷ್ಟೇ ನಿಜ.

ಪರಿಣಾಮ ದೂರದಲ್ಲಿಲ್ಲ. 2015ರಲ್ಲಿ ಇದೇ ಠಾಕುರ್ಲಿಯಲ್ಲಿ ಹಳೆಯ ಕಟ್ಟಡ ಕುಸಿದು ಒಂಬತ್ತು ಮಂದಿ ಅಸುನೀಗಿದರು. ಗೋಡೆ ಬಿರುಕು ಬಿಟ್ಟದ್ದು ಕಂಡರೂ, ಬೇರೆಡೆ ಡೆಪಾಸಿಟ್, ಬಾಡಿಗೆ ಭರಿಸಲಾಗದವರು ಅಂಥ ಮನೆಗಳಲ್ಲೇ ದಿನ ದೂಡುತ್ತಾರೆ. ಫೀಸಿಗೆ ಹಣವಿಲ್ಲದ ಮನೆಯ ಮಕ್ಕಳು ಹನ್ನೆರಡನೇ ತರಗತಿಗೇ ಓದು ನಿಲ್ಲಿಸಿ ಡೆಲಿವರಿ ಕೆಲಸಕ್ಕೆ ಇಳಿಯುತ್ತಾರೆ. ತಂದೆಯ ಬಡತನ ಮಗನಿಗೂ ಉಳಿಯುತ್ತದೆ.

ತೆರಿಗೆ, ಉದ್ಯೋಗ ನೀತಿ ಸರಕಾರಕ್ಕೆ ಬಿಟ್ಟದ್ದು. ಆದರೆ ರಾತ್ರಿಶಾಲೆಗಳನ್ನು ಕಟ್ಟಿದವರು ನಮ್ಮ ಸಂಘದ ಹಿರಿಯರೇ ಅಲ್ಲವೇ? ವಾರ್ಷಿಕೋತ್ಸವದಲ್ಲಿ ಶೇ. 90 ಅಂಕ ಪಡೆದವರಿಗೆ ಶಾಲು, ಸ್ಮರಣಿಕೆ ಇರಲಿ. ಜತೆಗೆ ಫೀಸು ಕಟ್ಟಲಾಗದೆ ಓದು ಬಿಟ್ಟ ಮಗು ಯಾವ ಚಾಳಿನಲ್ಲಿದೆ ಎಂದು ಹುಡುಕಿ ಹೋಗುವ ಕೆಲಸವೂ ನಡೆಯಲಿ.